ಮಾತ್ರೆ ವಾಪಸ್ ಪಡೆದ ಸುದ್ದಿ ಓದಿ ನಾಟಿ ಪುಡಿಗೆ ಹೋಗಬೇಡಿ

ಬಿಪಿ ಮಾತ್ರೆಯ ಬ್ಯಾಚೊಂದನ್ನು ಕಂಪನಿ ವಾಪಸ್ ಪಡೆದಿದೆ ಎಂದು ಓದಿ, ಅಮ್ಮನಿಗೆ ಮಾತ್ರೆ ಬಿಡಿಸಿ ನಾಟಿ ಔಷಧಿ ಶುರು ಮಾಡಲೇ ಎಂದು ಕೇಳಿದ್ದೀರಿ. ಬೇಡ. ನಮ್ಮ ಮನೆಯಲ್ಲಿ ಇದೇ ಆಗಿದೆ.

ತೀರ್ಥಹಳ್ಳಿ ಕಡೆಯವರು ನಾವು. ಅಡಿಕೆ ತೋಟದ ದರೆ ಹತ್ತಿ ಇಳಿದು ಅಪ್ಪಯ್ಯನ ಮಂಡಿ ಸವೆದಿತ್ತು. ಡಾಕ್ಟರು ಬರೆದಿದ್ದ ರೋಫೆಕಾಕ್ಸಿಬ್ ಎಂಬ ನೋವಿನ ಮಾತ್ರೆಯಲ್ಲಿ ಹೇಗೋ ನಡೆಯುತ್ತಿತ್ತು. 2004ರಲ್ಲಿ ಅದನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆದರು; ಬಹುಕಾಲ ನುಂಗಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚುತ್ತಿತ್ತು. "ಇಂಗ್ಲಿಷ್ ಔಷಧಿ ಸಹವಾಸವೇ ಬ್ಯಾಡ ಮಾರಾಯ" ಎಂದರು ಅಪ್ಪಯ್ಯ. ನೆಂಟರೊಬ್ಬರು ಹೇಳಿದ ಕಡೆಯಿಂದ ಪುಡಿ ತಂದೆ. ಬರೀ ಪೇಪರ್ ಪೊಟ್ಟಣ, ಹೆಸರಿಲ್ಲ, ತಾರೀಕಿಲ್ಲ. ಕೊನೆಕೊಯ್ಲಿನ ಹೊತ್ತಿಗೆ ಅಪ್ಪಯ್ಯ ಸಲೀಸಾಗಿ ತೋಟಕ್ಕೆ ಇಳಿದರು.

ತಿಂಗಳುಗಳು ಕಳೆದಂತೆ ಮುಖ ಊದಿತು, ಶುಗರ್ ಏರಿತು. ಹೆದರಿ ಪುಡಿಯನ್ನು ಒಂದೇ ಸಲಕ್ಕೆ ನಿಲ್ಲಿಸಿದೆ. ಆಮೇಲೆ ವಾಂತಿ, ಎದ್ದು ನಿಂತರೆ ಕಣ್ಣು ಕತ್ತಲೆ. ಶಿವಮೊಗ್ಗಕ್ಕೆ ಕರೆತಂದಾಗ ಡಾಕ್ಟರು "ಬೇರೆ ಏನಾದ್ರೂ ಔಷಧಿ ತಗೊಳ್ತಿದ್ರಾ?" ಎಂದು ಕೇಳಿದರು. ನಾನು "ಇಲ್ಲ" ಎಂದೆ.

ಬೇರು-ನಾರಿನ ಪುಡಿಯೂ ಔಷಧಿಯ ಲೆಕ್ಕಕ್ಕೆ ಬರುತ್ತದೆಂದು ನನಗೆ ತೋಚಲೇ ಇಲ್ಲ. ತೋಚಿದ್ದರೂ ಬೈಸಿಕೊಳ್ಳುವ ಅಂಜಿಕೆಗೆ ಬಾಯಿ ಬಿಡುತ್ತಿರಲಿಲ್ಲವೇನೋ. ಆ ಪುಡಿಗೆ ಸ್ಟೆರಾಯ್ಡ್ ಬೆರೆಸಿದ್ದರು; ನೋವು, ಊತವನ್ನು ಬೇಗ ಇಳಿಸುವ ಇದು ಮೈಯೊಳಗಿನ ಕಾರ್ಟಿಸಾಲ್ ಎಂಬ ಹಾರ್ಮೋನಿನಂತೆಯೇ ಕೆಲಸ ಮಾಡುತ್ತದೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ಮೈಗೆ ಬೇಕಾದ ಕಾರ್ಟಿಸಾಲನ್ನು ದಿನವೂ ತಯಾರಿಸುತ್ತವೆ. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೆರಾಯ್ಡ್ ಬರುತ್ತಿದ್ದರೆ ಅವು ಕೆಲಸ ಬಿಡುತ್ತವೆ. ಆಗ ದಿಢೀರನೆ ನಿಲ್ಲಿಸಿದರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ಬಿಪಿ ಕುಸಿದು ಜೀವ ಹೋಗಬಹುದು. ನಿಜ ಹೇಳಿದ್ದರೆ ಆ ಕೊರತೆ ತುಂಬುವ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಅವತ್ತೇ ಸಿಗುತ್ತಿತ್ತು. ನನ್ನ ಮಾತು ನಂಬಿ ಅವರು ಹೊಟ್ಟೆಯ ಸೋಂಕನ್ನು ಹುಡುಕುತ್ತ ಹೋದರು. ಅಪ್ಪಯ್ಯ ಐಸಿಯು ಸೇರಿದರು. ಅಮ್ಮ ಪೊಟ್ಟಣದ ಸುದ್ದಿ ಎತ್ತಿದ ಮೇಲೆಯೇ ಕಾಯಿಲೆ ಗುರುತಾದದ್ದು. ಬದುಕಿದರು. ಶುಗರ್ ಕೊನೆತನಕ ಉಳಿಯಿತು.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಯಾರೂ ವಾಪಸ್ ಪಡೆದಿಲ್ಲ ಎಂದ ಮಾತ್ರಕ್ಕೆ ಪುಡಿ ಸುರಕ್ಷಿತ ಎಂದುಕೊಂಡಿದ್ದೀರಿ. ವಾಪಸ್ ಪಡೆಯಲು ಅದಕ್ಕೆ ಬ್ಯಾಚ್ ನಂಬರ್ ಎಲ್ಲಿದೆ? ಯಾರ್ಯಾರ ಮನೆಗೆ ಹೋಯಿತೆಂಬ ಬಿಲ್ ಎಲ್ಲಿದೆ? ಸರ್ಕಾರದ ತಪಾಸಣೆಯೂ ಸೋಲುತ್ತದೆ, ಘೋರವಾಗಿ ಸೋಲುತ್ತದೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಮಕ್ಕಳು ಕುಡಿದ ಕೆಮ್ಮಿನ ಸಿರಪ್‌ನಲ್ಲಿ ಶೇ 0.1ಕ್ಕಿಂತ ಹೆಚ್ಚಿರಬಾರದ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇ 48.6ರಷ್ಟಿತ್ತು. ಮಕ್ಕಳು ಸತ್ತ ಮೇಲೆ ಎಚ್ಚೆತ್ತರು. ಆದರೂ ಬಾಟಲಿಯ ಮೇಲೆ ನಂಬರ್ ಇತ್ತು, ಯಾವ ಕಾರ್ಖಾನೆಯದೆಂದು ಗೊತ್ತಾಯಿತು, ಉಳಿದ ಬಾಟಲಿಗಳನ್ನು ಹುಡುಕಲು ದಾರಿ ಇತ್ತು.

ಮೆಣಸು-ಜೀರಿಗೆ ಕಷಾಯ, ಒಂದೆಲಗದ ತಂಬುಳಿ ನಮ್ಮನೆಯಲ್ಲೂ ಇದೆ, ಮಾಡಿಕೊಡಿ. ಬಿಪಿ ಮಾತ್ರೆಯ ಬದಲಿಗೆ ಮಾತ್ರ ಬೇಡ. ಈಶ್ವರಿ ಬಳ್ಳಿಯ ಬೇರನ್ನಂತೂ ಮುಟ್ಟಬೇಡಿ, ಅದರಲ್ಲಿರುವ ಅರಿಸ್ಟೊಲೊಕಿಕ್ ಆಮ್ಲ ಮೂತ್ರಪಿಂಡ ಕೆಡಿಸಿ ಕ್ಯಾನ್ಸರ್ ತರುತ್ತದೆ.

ಅಮ್ಮನ ಮಾತ್ರೆಯ ಸ್ಟ್ರಿಪ್ಪನ್ನು ಮೆಡಿಕಲ್‌ನವರಿಗೆ ತೋರಿಸಿ, ಬ್ಯಾಚ್ ನಂಬರ್ ತಾಳೆ ನೋಡಿಸಿ. ಅದೇ ಬ್ಯಾಚ್ ಆಗಿದ್ದರೂ ಬದಲಿ ಸಿಗುವ ತನಕ ಡಾಕ್ಟರನ್ನು ಕೇಳದೆ ಒಂದು ಹೊತ್ತೂ ತಪ್ಪಿಸಬೇಡಿ. 2018ರಲ್ಲಿ ವಾಲ್ಸಾರ್ಟನ್ ಎಂಬ ಬಿಪಿ ಮಾತ್ರೆಯಲ್ಲಿ ಕ್ಯಾನ್ಸರ್ ತರಬಲ್ಲ ಎನ್‌ಡಿಎಂಎ ಎಂಬ ಕಲ್ಮಶ ಸಿಕ್ಕಾಗ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ರೋಗಿಗಳಿಗೆ ಹೇಳಿದ್ದೂ ಇದನ್ನೇ. ಪುಡಿ ಈಗಾಗಲೇ ಶುರು ಮಾಡಿದ್ದರೆ, ನಿಲ್ಲಿಸುವ ಮೊದಲೇ ಪೊಟ್ಟಣ ಸಮೇತ ಡಾಕ್ಟರ ಹತ್ತಿರ ಹೋಗಿ.