ಹಲಸಿನ ಕಾಂಡದಲ್ಲಿ ಹಸಿರು ಗುಂಡಿಗಳು

ಪ್ರಶ್ನೆ: ನಮ್ಮ ಅಡಿಕೆ ತೋಟದ ಅಂಚಿನ ಹಲಸಿನ ಮರದಲ್ಲಿ, ಪಾಚಿಯ ನಡುವೆ ಅಂಗಿ ಗುಂಡಿಯಂಥ ಚಪ್ಪಟೆ ಗಡ್ಡೆಗಳು ಅಂಟಿಕೊಂಡಿವೆ. ಬೇಸಿಗೆಯಲ್ಲಿ ಸತ್ತಂತಿದ್ದವು. ಮಳೆ ಹಿಡಿದ ಮೇಲೆ ಎರಡೆರಡು ಎಲೆ, ನಡುವೆ ಒಂದು ಕಂದುಗೆಂಪು ಹೂ ಬಂದಿದೆ. ಇದು ಬಂದಣಿಕೆಯಾ? ಕಿತ್ತು ಹಾಕಬೇಕಾ, ಕುಂಡದಲ್ಲಿ ಬೆಳೆಸಬಹುದಾ?
– ಮಲೆನಾಡಿನ ಓದುಗರು

ಉತ್ತರ: ಕೀಳಬೇಡಿ, ಅದು ಬಂದಣಿಕೆ ಅಲ್ಲ. ನಿಮ್ಮ ವಿವರಣೆ ನೋಡಿದರೆ ಪೋರ್ಪ್ಯಾಕ್ಸ್ ರೆಟಿಕ್ಯುಲೇಟಾ ಎಂಬ ಪುಟಾಣಿ ಆರ್ಕಿಡ್ ಇರಬೇಕು. ಆರ್ಕಿಡ್ ಅಂದರೆ ಉದ್ದ ಗೊಂಚಲಿನ ಸೀತಾಳೆ ದಂಡೆಯೇ ನಮಗೆ ನೆನಪಾಗುತ್ತದೆ, ಅಲ್ವಾ? ಅದರ ಬಳಗದ್ದೇ ಇದು, ಆದರೆ ಗಡ್ಡೆ ಹೆಚ್ಚೆಂದರೆ ಬೆರಳಿನ ಉಗುರಿನಷ್ಟು.

ಒಂದು ಭೂತಗನ್ನಡಿ ಹಿಡಿದು ಗಡ್ಡೆಯನ್ನು ನೋಡಿ. ಮೇಲೆ ಸಣ್ಣ ಬಲೆ ಹೊದೆಸಿದ ಹಾಗೆ ನಾರಿನ ಹೆಣಿಗೆ ಕಾಣುತ್ತದೆ. ಹೆಸರಿನ 'ರೆಟಿಕ್ಯುಲೇಟಾ' ಅಂದರೆ ಬಲೆಯಂಥದ್ದು ಅಂತಲೇ. ಹೂವಿನ ಹೊರದಳಗಳು ಕೂಡಿ ಕೊಳವೆಯಾಗಿರುತ್ತವೆ, ತುದಿ ಮಾತ್ರ ಚೂರು ಬಿಚ್ಚಿರುತ್ತದೆ. ಬಗ್ಗಿ ನೋಡದಿದ್ದರೆ ಕಣ್ಣಿಗೇ ಬೀಳದು. ನಾನಂತೂ ಮೊದಲ ಸಲ ಒಣಗಿದ ಕಾಯಿ ಸಿಪ್ಪೆ ಅಂದುಕೊಂಡು ದಾಟಿ ಹೋಗಿದ್ದೆ!

ಬಂದಣಿಕೆ ಮರದೊಳಗೆ ಬೇರಿಳಿಸಿ ನೀರು, ಸಾರ ಹೀರುತ್ತದೆ. ಇದು ಹಾಗಲ್ಲ. ತೊಗಟೆಯನ್ನು ಸುಮ್ನೆ ಹಿಡಿದುಕೊಂಡಿರುತ್ತದೆ, ಅಷ್ಟೆ. ಬೇರಿನ ಸ್ಪಂಜಿನಂಥ ಹೊದಿಕೆ ಮಳೆ, ಮಂಜಿನ ನೀರು ಕುಡಿಯುತ್ತದೆ. ಗಡ್ಡೆ ಅದನ್ನು ಕೂಡಿಡುತ್ತದೆ. ಬೇಸಿಗೆಯಲ್ಲಿ ಎಲೆ ಉದುರಿಸಿ ಅದರಲ್ಲೇ ದಿನ ದೂಡುತ್ತದೆ. ನೀವು ಕಂಡ 'ಸಾವು' ಬರೀ ನಿದ್ದೆ.

ಪಶ್ಚಿಮ ಘಟ್ಟದಲ್ಲಿ ಪಾಚಿ ಹಿಡಿದ ಕಾಂಡ, ಬಂಡೆಗಳೇ ಇದರ ಮನೆ. ಕುಂಡದ ಮಣ್ಣು ಆಗುವುದಿಲ್ಲ, ಕೊಳೆಯುತ್ತದೆ. ಬೀಜದಿಂದ ಬೆಳೆಸುವುದೂ ಸುಲಭವಲ್ಲ. ಧೂಳಿನಂಥ ಬೀಜದಲ್ಲಿ ಮೊಳಕೆಗೆ ಬೇಕಾದ ಆಹಾರವೇ ಇರುವುದಿಲ್ಲ. ಒಂದು ಬಗೆಯ ಶಿಲೀಂಧ್ರ ಜೊತೆಗಿದ್ದರೆ ಮಾತ್ರ ಕಾಡಿನಲ್ಲಿ ಅದು ಚಿಗುರುತ್ತದೆ.

ಗಾಳಿಗೆ ಕೊಂಬೆ ಮುರಿದು ಬಿದ್ದರೆ ಮಾತ್ರ ಗಡ್ಡೆಗಳನ್ನು ತೊಗಟೆ, ಪಾಚಿ ಸಮೇತ ಎತ್ತಿ ಪಕ್ಕದ ಒರಟು ತೊಗಟೆಯ ಮರಕ್ಕೆ ತೆಂಗಿನ ನಾರಿನಿಂದ ಕಟ್ಟಿ. ಬೇಸಿಗೆಯಲ್ಲಿ ಪಾಪ ಅಂತ ಜಾಸ್ತಿ ನೀರು ಹಾಕಬೇಡಿ. ಇನ್ನೊಂದು ಮಾತು: ಅಡಿಕೆಗೆ ಬೋರ್ಡೋ ಎಂಬ ಶಿಲೀಂಧ್ರನಾಶಕ ದ್ರಾವಣ ಹೊಡೆಯುವಾಗ ಗಾಳಿ ಯಾವ ಕಡೆಗಿದೆ ನೋಡಿಕೊಳ್ಳಿ. ಅದರಲ್ಲಿರುವ ಮೈಲುತುತ್ತ ಹಲಸಿನ ಮೇಲಿನ ಪಾಚಿಯನ್ನು ಸುಟ್ಟುಬಿಡುತ್ತದೆ.