ಹದಿನಾಲ್ಕು ಕಾಯ್ದೆ ಬೇಡ, ಎರಡು ಮೊಕದ್ದಮೆ ಸಾಕು

ನಮಸ್ಕಾರ,

ನೀವು ಕಳಿಸಿದ ‘ಅಮೆರಿಕದ ಪೌರತ್ವ: 1790ರಿಂದ ಇಂದಿನವರೆಗೆ’ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೇ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಬಿಸಾಕುವ ಬರಹವೂ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹದಿನಾಲ್ಕು ಕಾಯ್ದೆಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದ್ದೀರಿ. ಇಸವಿ, ಹೆಸರು, ಎರಡು ಸಾಲು ವಿವರಣೆ, ಮತ್ತೆ ಇನ್ನೊಂದು ಇಸವಿ. ಪರೀಕ್ಷೆಗೆ ಓದುವವರಿಗೆ ಅನುಕೂಲ. ನಮ್ಮ ಓದುಗರು ಮೂರನೇ ಪ್ಯಾರಾಕ್ಕೇ ಪುಟ ತಿರುಗಿಸುತ್ತಾರೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಒಂದು ದೇಶದ ಒಳಗೆ ಬರುವುದು ಬೇರೆ, ಅಲ್ಲಿಯ ಪ್ರಜೆಯಾಗುವುದು ಬೇರೆ. ನೀವು ಎರಡನ್ನೂ ಕಲಸಿಬಿಟ್ಟಿದ್ದೀರಿ. ‘1965ರಲ್ಲಿ ಬಣ್ಣದ ಭೇದ ಹೋಯಿತು’ ಎಂದಿದ್ದೀರಿ. ಪೌರತ್ವಕ್ಕಿದ್ದ ಜನಾಂಗದ ಅಡ್ಡಿ ಪೂರ್ತಿ ಹೋಗಿದ್ದು 1952ರಲ್ಲಿ. 1965ರಲ್ಲಿ ಹೋಗಿದ್ದು ಯಾವ ದೇಶದಿಂದ ಎಷ್ಟು ಜನ ಬರಬಹುದು ಎಂಬ ಹಳೆಯ ಕೋಟಾ. ಆ ಕೋಟಾದ ಲೆಕ್ಕವನ್ನಾದರೂ ಬಿಡಿಸಿ ಹೇಳಬೇಕಿತ್ತು, ಅಲ್ವಾ? 1920ರ ಜನಗಣತಿ ಕೈಯಲ್ಲೇ ಇತ್ತು. ಆದರೂ 1924ರ ಕಾಯ್ದೆ ಮಾಡಿದವರು 1890ರ ಗಣತಿ ಹಿಡಿದು, ಅದರಲ್ಲಿ ಎಣಿಸಿದ ಆಯಾ ದೇಶದಲ್ಲಿ ಹುಟ್ಟಿದವರ ಶೇ 2ರಷ್ಟು ಜನ ವರ್ಷಕ್ಕೆ ಬರಬಹುದು ಎಂದರು. ಯಾಕೆ? ಇಟಲಿ ಮತ್ತು ಪೂರ್ವ ಯುರೋಪಿನವರು ದೊಡ್ಡ ಸಂಖ್ಯೆಯಲ್ಲಿ ಬಂದಿದ್ದೇ ಅದರ ನಂತರ. ಕಾಯ್ದೆಯಲ್ಲಿ ಯಾರನ್ನೂ ಬೈದಿಲ್ಲ, ಸುಮ್ನೆ ಹಳೆಯ ಪುಸ್ತಕ ತೆಗೆದಿದ್ದಾರೆ ಅಷ್ಟೆ. ಇಂಥದ್ದನ್ನು ನೀವು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ.

ನಿಮ್ಮ ಲೇಖನದ ಜೀವ ಇರುವುದು ಏಳನೇ ಪುಟದಲ್ಲಿ, ಅಡಿಟಿಪ್ಪಣಿಯಲ್ಲಿ. ಭಗತ್ ಸಿಂಗ್ ಥಿಂಡ್. ಅಲ್ಲಿಂದಲೇ ಶುರು ಮಾಡಿ.

ಹೊರಗಿನಿಂದ ಬಂದವರಲ್ಲಿ 1790ರ ಕಾಯ್ದೆ ಪೌರತ್ವ ಕೊಟ್ಟಿದ್ದು ‘ಸ್ವತಂತ್ರ ಬಿಳಿಯ’ರಿಗೆ ಮಾತ್ರ. 1870ರಲ್ಲಿ ಆಫ್ರಿಕಾ ಮೂಲದವರನ್ನು ಸೇರಿಸಿದರು. ಏಷ್ಯಾದವರು ಹೊರಗೇ ಉಳಿದರು. ಹಾಗಾಗಿ ಅರ್ಜಿ ಹಾಕುವವರು ತಾವು ಬಿಳಿಯರು ಎಂದು ಕೋರ್ಟಿನಲ್ಲಿ ವಾದಿಸಬೇಕಾಯಿತು. ಜಪಾನಿನ ತಕಾವೊ ಒಜಾವಾ ಅರ್ಜಿ ಹಾಕುವ ಹೊತ್ತಿಗೆ ಅಮೆರಿಕಕ್ಕೆ ಬಂದು ಇಪ್ಪತ್ತು ವರ್ಷವಾಗಿತ್ತು. ಮನೆಯಲ್ಲಿ ಆಡುವ ಮಾತೂ ಇಂಗ್ಲಿಷೇ. 1922ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ‘ಮೈಬಣ್ಣ ಲೆಕ್ಕಕ್ಕಿಲ್ಲ, ಬಿಳಿಯ ಎಂದರೆ ಕಕೇಶಿಯನ್’ (ಆಗಿನ ಮಾನವಶಾಸ್ತ್ರ ಹೆಸರಿಟ್ಟಿದ್ದ ಒಂದು ಜನಾಂಗ) ಎಂದು ಅವರ ಅರ್ಜಿ ತಳ್ಳಿಹಾಕಿತು. ಮೂರು ತಿಂಗಳ ನಂತರ ಥಿಂಡ್ ಮೊಕದ್ದಮೆ. ಪಂಜಾಬಿನವರು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಸೇರಿದ್ದವರು. ‘ಆಗಿನ ಮಾನವಶಾಸ್ತ್ರದ ಪ್ರಕಾರ ನಾನು ಕಕೇಶಿಯನ್’ ಎಂದು ವಾದಿಸಿದರು. ಆಗ ಅದೇ ಕೋರ್ಟ್, ‘ಶಾಸ್ತ್ರ ಏನಾದರೂ ಹೇಳಲಿ, ಸಾಮಾನ್ಯ ಜನ ಇವರನ್ನು ಬಿಳಿಯ ಎನ್ನುವುದಿಲ್ಲ’ ಎಂದು ತಿರುಗಿಸಿತು. ಎರಡೂ ತೀರ್ಪು ಬರೆದವರು ಒಬ್ಬರೇ, ಜಾರ್ಜ್ ಸದರ್ಲ್ಯಾಂಡ್. ಅವರು ಸ್ವತಃ ಇಂಗ್ಲೆಂಡಿನಲ್ಲಿ ಹುಟ್ಟಿ ಬಂದವರು! ಇದನ್ನು ಬರೆಯುವಾಗ ವಿಶೇಷಣ ಬೇಡ, ಕೋಪವೂ ಬೇಡ. ತೀರ್ಪುಗಳನ್ನು ಅಕ್ಕಪಕ್ಕ ಇಡಿ, ಸಾಕು.

ತೀರ್ಪಿನ ನಂತರ ಏನಾಯಿತು ಎಂಬುದೂ ಬೇಕು. ಆಗಲೇ ಪೌರತ್ವ ಪಡೆದಿದ್ದ ಭಾರತೀಯರಿಂದ ಅದನ್ನು ಕಿತ್ತುಕೊಳ್ಳತೊಡಗಿದರು. ವೈಷ್ಣೋ ದಾಸ್ ಬಾಗಾಯ್ 1915ರಲ್ಲಿ ಹೆಂಡತಿ ಕಲಾ ಮತ್ತು ಮೂವರು ಮಕ್ಕಳೊಂದಿಗೆ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು ಅಂಗಡಿ ಹಾಕಿದ್ದವರು. ಪೌರತ್ವ ಹೋದಾಗ, ಪ್ರಜೆಯಾಗಲು ಅರ್ಹರಲ್ಲದವರು ಆಸ್ತಿ ಹೊಂದದಂತೆ ತಡೆದಿದ್ದ ಕ್ಯಾಲಿಫೋರ್ನಿಯಾದ ಕಾನೂನಿನಿಂದಾಗಿ ಅಂಗಡಿಯೂ ಹೋಯಿತು. 1928ರಲ್ಲಿ ಪತ್ರಿಕೆಯೊಂದಕ್ಕೆ ಪತ್ರ ಬರೆದಿಟ್ಟು ಪ್ರಾಣ ಕಳೆದುಕೊಂಡರು. ಭಾರತೀಯರಿಗೆ ಪೌರತ್ವದ ದಾರಿ ತೆರೆದಿದ್ದು 1946ರಲ್ಲಿ. ಒಳಗೆ ಬರುವ ಕೋಟಾ ಮಾತ್ರ ವರ್ಷಕ್ಕೆ 100 ಜನ. (ಥಿಂಡ್ ಅವರಿಗೆ 1936ರಲ್ಲೇ ಸಿಕ್ಕಿತ್ತು, ಮಾಜಿ ಸೈನಿಕ ಎಂಬ ಕಾರಣಕ್ಕೆ.)

ವಾಂಗ್ ಕಿಮ್ ಆರ್ಕ್ ಬಗ್ಗೆ ಬರೆದದ್ದು ಚೆನ್ನಾಗಿದೆ, ಉಳಿಸಿಕೊಳ್ಳಿ. ಅಪ್ಪ ಅಮ್ಮ ಚೀನಾದವರು, ಪ್ರಜೆಗಳಾಗುವಂತಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಮಗ ಹುಟ್ಟಿನಿಂದಲೇ ಪ್ರಜೆ ಎಂದಿತು 1898ರ ತೀರ್ಪು. ನಾನು ಹೇಳಿದ ವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರ ಗ್ರೀನ್ ಕಾರ್ಡ್ ಪ್ಯಾರಾ ಈಗ ಬರೀ ಗೊಣಗಾಟ. ಕಾರಣ ಹೇಳಿ: ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್‌ಗಳಲ್ಲಿ ಯಾವ ಒಂದು ದೇಶಕ್ಕೂ ವರ್ಷದ ಪಾಲು ಸಾಮಾನ್ಯವಾಗಿ ಶೇ 7ಕ್ಕಿಂತ ಜಾಸ್ತಿ ಇಲ್ಲ. ಭಾರತಕ್ಕೂ ಅಷ್ಟೇ ಮಿತಿ, ಐಸ್‌ಲ್ಯಾಂಡಿಗೂ ಅಷ್ಟೇ. ಲೆಕ್ಕಕ್ಕೆ ಹಿಡಿಯುವುದು ಹುಟ್ಟಿದ ದೇಶವನ್ನು, ಪಾಸ್‌ಪೋರ್ಟನ್ನಲ್ಲ. ಜಯನಗರದಲ್ಲಿ ಹುಟ್ಟಿದವನು ಕೆನಡಾ ಪ್ರಜೆಯಾದರೂ ಸಾಮಾನ್ಯವಾಗಿ ನಿಲ್ಲುವುದು ಭಾರತದ ಸಾಲಿನಲ್ಲೇ.

ಕೊನೆಯ ‘ವಸುಧೈವ ಕುಟುಂಬಕಂ’ ಪ್ಯಾರಾ ತೆಗೆದುಬಿಡಿ. 1,200 ಪದ ದಾಟದಂತೆ ಮತ್ತೆ ಬರೆದು ಕಳಿಸಿ. ತೀರ್ಪಿನ ಮಾತುಗಳನ್ನು ಉದ್ಧರಿಸುವುದಾದರೆ ಮೂಲ ಪಾಠದ ಪ್ರತಿಯೂ ಜೊತೆಗಿರಲಿ, ಅನುವಾದ ನಾವು ತಾಳೆ ನೋಡಬೇಕಾಗುತ್ತದೆ.

— ಸಂಪಾದಕ