ಪ್ಯಾಕೇಜ್ ಒಡೆದ ಮೇಲೆ ಕಡತ ಯಾರ ಪಾಲಿಗೆ?

ಪ್ರಶ್ನೆ: ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಗಾಗಿ ನಾನು ಸಿದ್ಧಪಡಿಸುವ ‘ಪದಕೋಶ’ ಪ್ಯಾಕೇಜಿನ 1.4-3 ಆವೃತ್ತಿಯವರೆಗೆ ಪ್ರೋಗ್ರಾಂ ಮತ್ತು ಡೇಟಾ ಕಡತಗಳು ಒಟ್ಟಿಗೇ ಇದ್ದವು. 2.0-1ರಲ್ಲಿ ಡೇಟಾವನ್ನು ‘ಪದಕೋಶ-ಡೇಟಾ’ ಎಂಬ ಬೇರೆ ಪ್ಯಾಕೇಜಿಗೆ ಸಾಗಿಸಿದ್ದೇನೆ. ಹಳೆಯ ಆವೃತ್ತಿ ಇರುವ ಕಂಪ್ಯೂಟರಿನಲ್ಲಿ ಅಪ್‌ಗ್ರೇಡ್ ಮಾಡಿದರೆ, ಈ ಕಡತ ‘ಪದಕೋಶ’ದಲ್ಲಿಯೂ ಇದೆ ಎಂದು ಪ್ಯಾಕೇಜುಗಳನ್ನು ಹಾಕುವ, ತೆಗೆಯುವ ಸಾಧನವಾದ ಡಿಪಿಕೆಜಿ ದೋಷ ತೋರಿಸಿ ನಿಂತುಬಿಡುತ್ತದೆ. ಇನ್ನೊಂದು ಪ್ಯಾಕೇಜಿನ ಕಡತಗಳ ಮೇಲೆ ಬರೆಯಲು ಅನುಮತಿಸುವ ‘ರಿಪ್ಲೇಸಸ್’ ಸಾಲನ್ನು ಸೇರಿಸಿದರೆ ಸಾಕೆ?

ಉತ್ತರ: ಸಾಲದು, ಅದರ ಜೊತೆಗೆ, ಹೆಸರಿಸಿದ ಪ್ಯಾಕೇಜಿನೊಂದಿಗೆ ಇದು ಹೊಂದುವುದಿಲ್ಲ ಎಂದು ಸಾರುವ ‘ಬ್ರೇಕ್ಸ್’ ಕೂಡ ಬೇಕು. ಬರಿಯ ರಿಪ್ಲೇಸಸ್ ಇದ್ದಾಗ ದೋಷಸಂದೇಶ ಮಾಯವಾಗುವುದರಿಂದ ಕೆಲಸ ಮುಗಿಯಿತೆಂದು ತೋರುತ್ತದೆ, ಅಪಾಯವಿರುವುದೂ ಅಲ್ಲಿಯೇ. ಬಳಕೆದಾರರೊಬ್ಬರು ಹಳೆಯ ಪದಕೋಶವನ್ನು ಹಾಗೆಯೇ ಇಟ್ಟುಕೊಂಡು ಪದಕೋಶ-ಡೇಟಾವನ್ನಷ್ಟೇ ಹಾಕಿಕೊಂಡರೆ, ಆ ಕಡತಗಳ ಒಡೆತನ ಹೊಸ ಪ್ಯಾಕೇಜಿಗೆ ವರ್ಗವಾಗುತ್ತದೆ. ಮುಂದೆ ಅದನ್ನು ತೆಗೆದುಹಾಕಿದಾಗ ಕಡತಗಳೂ ಅದರೊಂದಿಗೆ ಅಳಿದುಹೋಗಿ, ಡಿಪಿಕೆಜಿಯ ಲೆಕ್ಕದಲ್ಲಿ ಸರಿಯಾಗಿಯೇ ಇರುವ ಹಳೆಯ ಪದಕೋಶ ಡೇಟಾ ಇಲ್ಲದೆ ಕೆಡುತ್ತದೆ. ಬ್ರೇಕ್ಸ್ ಇದ್ದರೆ ಇಂತಹ ಜೋಡಿಗೆ ಅವಕಾಶವೇ ಇರುವುದಿಲ್ಲ.

ಇವೆರಡನ್ನೂ ಕಡತಗಳನ್ನು ಪಡೆಯುವ ಪದಕೋಶ-ಡೇಟಾದ ವಿವರಣೆಯಲ್ಲಿ ಬರೆಯಬೇಕು, ಬಿಟ್ಟುಕೊಡುವ ಪ್ಯಾಕೇಜಿನಲ್ಲಿ ಅಲ್ಲ. ಎರಡರಲ್ಲಿಯೂ ‘ಪದಕೋಶ (<< 2.0-1~)’ ಎಂದಿರಲಿ, ಅಂದರೆ ಅದಕ್ಕಿಂತ ಹಳೆಯ ಆವೃತ್ತಿಗಳಿಗೆ ಮಾತ್ರ. ಕೊನೆಯ ಆ ಅಲೆಗೆರೆ ಅಲಂಕಾರಕ್ಕಲ್ಲ: ಬ್ಯಾಕ್‌ಪೋರ್ಟ್‌ಗಳ (ಹಳೆಯ ಡೆಬಿಯನ್ ಬಿಡುಗಡೆಗಾಗಿ ಮರುನಿರ್ಮಿಸಿದ ಹೊಸ ಪ್ಯಾಕೇಜುಗಳ) ಆವೃತ್ತಿಸಂಖ್ಯೆಯಲ್ಲಿ 2.0-1ರ ನಂತರ ಅಲೆಗೆರೆ ಬರುವುದರಿಂದ ಅವು 2.0-1ಕ್ಕಿಂತ ಹಳೆಯವೆಂದು ಎಣಿಕೆಯಾಗುತ್ತವೆ, ಆದರೆ ಕಡತಗಳು ಅವುಗಳಲ್ಲಿ ಆಗಲೇ ಬೇರೆಯಾಗಿರುತ್ತವೆ; ಈ ಅಲೆಗೆರೆ ಇದ್ದರೆ ಅವು ನಿರ್ಬಂಧದಿಂದ ಹೊರಗುಳಿಯುತ್ತವೆ. ಆವೃತ್ತಿಯನ್ನೇ ನಮೂದಿಸದೆ ಬಿಟ್ಟರಂತೂ ಹೊಸ ಪದಕೋಶಕ್ಕೂ ನಿರ್ಬಂಧ ತಗಲುತ್ತದೆ. ಪದಕೋಶಕ್ಕೆ ಡೇಟಾ ಅನಿವಾರ್ಯವಾದ ಕಾರಣ, ಅದರ ‘ಡಿಪೆಂಡ್ಸ್’ ಸಾಲಿನಲ್ಲಿ ಹೊಸ ಪ್ಯಾಕೇಜನ್ನು ಸೇರಿಸಲು ಮರೆಯಬೇಡಿ.

ಕೆಲವರು ಬ್ರೇಕ್ಸ್ ಬದಲು ‘ಕಾನ್‌ಫ್ಲಿಕ್ಟ್ಸ್’ ಬರೆಯುತ್ತಾರೆ. ಅದು ಹೊಸದನ್ನು ಬಿಚ್ಚುವ ಮೊದಲೇ ಹಳೆಯದನ್ನು ತೆಗೆದುಹಾಕಿಸುವಷ್ಟು ಕಠಿಣ. ಬ್ರೇಕ್ಸ್ ಆದರೋ ಹಳೆಯದನ್ನು ತಾತ್ಕಾಲಿಕವಾಗಿ ನಿಷ್ಕ್ರಿಯ ಸ್ಥಿತಿಯಲ್ಲಿಟ್ಟು ಅಪ್‌ಗ್ರೇಡನ್ನು ಮುಂದುವರಿಸಗೊಡುತ್ತದೆ. ಬಲವಂತದಿಂದ ಕಡತದ ಮೇಲೆ ಬರೆಯುವ ಆಯ್ಕೆಯನ್ನು ಬಳಕೆದಾರರಿಗೆ ಸೂಚಿಸುವುದು ನನ್ನ ದೃಷ್ಟಿಯಲ್ಲಿ ಪರಿಹಾರವೇ ಅಲ್ಲ.

ಬಳಕೆದಾರರು ತಿದ್ದುವ ಸಂರಚನಾ ಕಡತಗಳಿದ್ದರೆ, ಸಾಧ್ಯವಾದಷ್ಟೂ ಅವುಗಳನ್ನು ಹಳೆಯ ಪ್ಯಾಕೇಜಿನಲ್ಲಿಯೇ ಉಳಿಸಿ; ಅವುಗಳ ಸ್ಥಳಾಂತರ ಇಷ್ಟು ಸುಲಭವಲ್ಲ. ಬಿಡುಗಡೆಗೆ ಮುನ್ನ 1.4-3 ಇರುವ ವ್ಯವಸ್ಥೆಯಿಂದಲೇ ಅಪ್‌ಗ್ರೇಡ್ ಮಾಡಿ ನೋಡಿ, ಏಕೆಂದರೆ ಹೊಸದಾಗಿ ಇನ್‌ಸ್ಟಾಲ್ ಮಾಡಿದಾಗ ಈ ದೋಷ ಕಾಣಿಸುವುದೇ ಇಲ್ಲ. ಈ ಪರೀಕ್ಷೆಯನ್ನು ಪಿಯುಪಾರ್ಟ್ಸ್ ಎಂಬ ಸಾಧನಕ್ಕೆ ಒಪ್ಪಿಸಲೂಬಹುದು.